ಹಡಗಿಗೆ ಹೇಳಿ ಮಾಡಿಸಿದ ಕೊಲ್ಲಿ

ನನ್ನ ಗಂಡ ತಮ್ಮ ಐವತ್ಮೂರನೇ ವಯಸ್ಸಿನಲ್ಲಿ ವಿಂಡ್‌ಸರ್ಫಿಂಗ್ ಕಲಿಯುವುದಾಗಿ ಘೋಷಿಸಿದ್ದು ಒಂದು ಭಾನುವಾರ, ಚರ್ಚಿನಿಂದ ನೇರವಾಗಿ ಬಂದು ಕೂತಿದ್ದ ಮಾಮಕ್ ಎನ್ನುವ ತಮಿಳು ಮುಸ್ಲಿಮರ ತಿಂಡಿ ಅಂಗಡಿಯಲ್ಲಿ. ಮೂವರಿದ್ದೆವು: ಅವರು, ನಾನು, ಹದಿನೆಂಟರ ಮಗಳು. ಅವರ ತಟ್ಟೆಯಲ್ಲಿ ಪರೋಟದಂಥ ರೊಟ್ಟಿ ಚನಾಯ್, ಎರಡನೆಯದು, ಇತ್ತು.

"ಜುಲೈಯಲ್ಲಿ ಮೆಡಿಟರೇನಿಯನ್ ಕಡೆ ಹೋಗುವ," ಎಂದರು. "ಗ್ರೀಸಿನ ಯಾವುದಾದರೂ ಸಣ್ಣ ದ್ವೀಪ. ಹಲಗೆ ಮೇಲೆ ನಿಂತು ಹಾಯಿ ಹಿಡ್ಕೊಂಡು ಹೋಗ್ತಾರಲ್ಲ, ಅದನ್ನು ಕಲೀಬೇಕು ಅಂತ ಉಂಟು ನಂಗೆ."

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಮೊದಲು ಈಜು ಕಲೀಬೇಕು ಲಾ, ಪಪ್ಪಾ."

"ಈಜು ಬರ್ತದೆ. ನಾನು ಮಂಗಳೂರಿನವ."

"ಮಂಗಳೂರಿನವರಿಗೆಲ್ಲ ಬರುತ್ತಾ?"

"ಸಮುದ್ರದ ಹತ್ತಿರ ಹುಟ್ಟಿದವ ಮಾರಾಯ್ತಿ ನಾನು."

"ಹತ್ತಿರ," ಎಂದಳು ಮಗಳು.

ದಾಖಲೆಗಾಗಿ ಹೇಳುತ್ತೇನೆ. ಮದುವೆಯಾಗಿ ಇಪ್ಪತ್ತೊಂದು ವರ್ಷ. ಅವರು ಸಮುದ್ರಕ್ಕೆ ಇಳಿದದ್ದನ್ನು ನಾನು ನೋಡಿರುವುದು ಮಂಡಿಯವರೆಗೆ, ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಬೆಳೆದದ್ದು ಇಲ್ಲಿ, ಕೌಲಾಲಂಪುರದಲ್ಲಿ. ನಾವು ಕನ್ನಡದಲ್ಲಿ ಮಾತಾಡಿದರೆ ಅವಳಿಂದ ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅವಳ ಮಾತನ್ನು ಕನ್ನಡಕ್ಕೆ ತಂದದ್ದು ನಾನು. ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಮಾತ್ರ ಅವಳದ್ದೇ.

ನಾನು ಹದಿನಾಲ್ಕು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿದ್ದವಳು, ಮೊದಲು ಮೈಸೂರು, ಆಮೇಲೆ ಬೆಂಗಳೂರು. ಯಾರೇನು ಹೇಳಿದರೂ ಅದು ಅವರು ಹೇಳಿದ್ದು ಅಷ್ಟೆ. ನಿಜವೆಂದು ಅಚ್ಚಿಗೆ ಕಳಿಸುವ ಮುಂಚೆ ಇನ್ನೊಬ್ಬರನ್ನು ಕೇಳಬೇಕು ಎಂದು ಅಲ್ಲಿ ಕಲಿಸಿದ್ದರು. ಇಲ್ಲಿನ ಮಾಂಟ್ ಕಿಯಾರಾ ಬಡಾವಣೆಯ ಹದಿನೇಳನೇ ಮಹಡಿಗೆ ಬಂದಮೇಲೂ ಆ ಚಟ ಹೋಗಿಲ್ಲ. ಹಾಗಾಗಿ ಗಂಡ ವಿಂಡ್‌ಸರ್ಫಿಂಗ್ ಕಲಿಯಬೇಕು ಎಂದಾಗ ನಾನು ಬರೆದುಕೊಂಡದ್ದು ಇಷ್ಟು: ಕಲಿಯಬೇಕು ಎಂದು ಹೇಳಿದರು.

ಏಕೆಂದರೆ ವಿಂಡ್‌ಸರ್ಫಿಂಗ್ ಮಗಳದ್ದು. ಹನ್ನೊಂದನೇ ವಯಸ್ಸಿನಿಂದ ಪ್ರತಿ ಶನಿವಾರ ಪೋರ್ಟ್ ಡಿಕ್ಸನ್ನಿನ ಕಡಲತೀರಕ್ಕೆ ಹೋಗುತ್ತಿದ್ದಳು. ಕಾರು ಓಡಿಸಿಕೊಂಡು ಹೋಗುತ್ತಿದ್ದದ್ದು, ದಡದಲ್ಲಿ ಟೋಪಿ ಹಾಕಿಕೊಂಡು ಕೂತು ಕಾಯುತ್ತಿದ್ದದ್ದು ಅವಳಪ್ಪ. ಒಂದೂವರೆ ವರ್ಷದ ಹಿಂದೆ ಒಂದು ಬೆಳಗ್ಗೆ ಸುಮಾತ್ರಾ ಕಡೆಯಿಂದ ಗಾಳಿ ಒಮ್ಮೆಲೇ ನುಗ್ಗಿ ಬಂತು. ಹಾಯಿಯ ಕಂಬ ಅವಳ ಮುಖಕ್ಕೆ ಬಡಿಯಿತು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಗಾಯ ಹತ್ತು ದಿನದಲ್ಲಿ ಮಾಯಿತು. ಅವಳು ಮಾತ್ರ ಮತ್ತೆ ಹಲಗೆಯ ಮೇಲೆ ನಿಲ್ಲಲಿಲ್ಲ. ಪರೀಕ್ಷೆ ಇದೆ ಅಂದಳು. ಪರೀಕ್ಷೆ ಮುಗಿಯಿತು. ಬಿಸಿಲು ಜಾಸ್ತಿ ಅಂದಳು. ಸೆಪ್ಟೆಂಬರಿನಲ್ಲಿ ಓದಲು ಬೇರೆ ದೇಶಕ್ಕೆ, ಸಮುದ್ರವೇ ಇಲ್ಲದ ಊರಿಗೆ ಹೊರಡುವವಳಿದ್ದಳು.

ಮನೆಯಲ್ಲಿ ಯಾರೂ ಅವಳನ್ನು ಆ ಬಗ್ಗೆ ಕೇಳಬಾರದು ಎಂಬ ಕಟ್ಟಳೆ ತಾನಾಗಿ ಹುಟ್ಟಿಕೊಂಡಿತ್ತು. ಗಂಡನಿಗೆ ಬೇಕಾಗಿದ್ದದ್ದು ಒಂದೇ: ಅವಳು ಹೊರಡುವ ಮುಂಚೆ ಒಂದು ಸಲ, ಒಂದೇ ಒಂದು ಸಲ, ಮತ್ತೆ ನೀರಿನ ಮೇಲೆ ಹೋಗಬೇಕು. ಹೆದರಿಕೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಷ್ಟು ದೂರ ಹೋಗಬಾರದು. ಇದನ್ನು ಅವರು ನನಗೂ ಹೇಳಿರಲಿಲ್ಲ. ಆದರೆ ನಮ್ಮ ವಸತಿ ಸಮುಚ್ಚಯದ ಈಜುಕೊಳದಲ್ಲಿ ಹಿರಿಯ ಮಹಿಳೆಯರಿಗಾಗಿ ನಡೆಯುವ ನೀರಿನ ವ್ಯಾಯಾಮದ ತರಗತಿಗೆ ಐವತ್ಮೂರರ ಗಂಡಸು ಹೆಸರು ಬರೆಸಿದರೆ, ಹೆಂಡತಿಗೆ ಬೇರೆ ಮೂಲಗಳು ಬೇಕಾಗುವುದಿಲ್ಲ.

ಈಗ ಯೋಜನೆಯ ಮಾತು. ಅವರ ಕೆಲಸ ಕ್ಲಾಂಗ್ ಬಂದರಿನಲ್ಲಿ. ಯಾವ ಹಡಗು ಯಾವ ಹೊತ್ತಿಗೆ ಯಾವ ಧಕ್ಕೆಗೆ ಬಂದು ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ನಿಗದಿ ಮಾಡುವುದು. ಮೊದಲು ಮಂಗಳೂರಿನಲ್ಲಿ, ಆಮೇಲೆ ಇಲ್ಲಿ, ಇಪ್ಪತ್ತಾರು ವರ್ಷ ಅದನ್ನೇ ಮಾಡಿದವರು ರಜೆಯನ್ನೂ ಹಾಗೇ ಮಾಡಿದರು. ಒಂದು ಎಕ್ಸೆಲ್ ಹಾಳೆ ತೆರೆದರು. ನಾವು ಮೂವರೂ ಅದರಲ್ಲಿ ಒಂದೊಂದು ಸಾಲು. ಪ್ರತಿ ಸಾಲಿಗೂ ಆಗಮನ, ನಿರ್ಗಮನ, ತಡವಾದರೆ ಇರಲಿ ಎಂದು ಎಷ್ಟು ಹೊತ್ತು ಹೆಚ್ಚುವರಿ. ನನ್ನ ಸಾಲಿನಲ್ಲಿ ಆ ಹೆಚ್ಚುವರಿ ಹೊತ್ತು ಎಲ್ಲರಿಗಿಂತ ಜಾಸ್ತಿಯಿತ್ತು.

"ಇದೇನ್ರೀ, ನನಗೆ ಮಾತ್ರ ನಲವತ್ತು ನಿಮಿಷ ಜಾಸ್ತಿ?"

"ಹಳೆ ಅನುಭವದ ಮೇಲೆ ಹಾಕಿದ್ದು."

ಎರಡನೇ ಹಾಳೆಯಲ್ಲಿ ಕೊಲ್ಲಿಗಳಿದ್ದವು, ಹನ್ನೊಂದು. ಒಂದೊಂದಕ್ಕೂ ಅಂಕ ಕೊಟ್ಟಿದ್ದರು: ಆಳ, ತಳದ ಮಣ್ಣು, ಅಲೆ, ಒಳಗೆ ಬರುವ ದಾರಿಯ ಅಗಲ, ಗಾಳಿಯ ಮರೆ. ಆರು ವಾರ ಸಂಜೆಗಳನ್ನು ಅದಕ್ಕೇ ಕೊಟ್ಟರು. ಕೊನೆಗೆ ಒಂದು ಕೊಲ್ಲಿ ಎಲ್ಲ ಅಂಕಣಗಳಲ್ಲೂ ಮೊದಲು ಬಂತು. ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಆ ಹೊತ್ತಿನ ಮುಖವನ್ನು ನಾನು ಮದುವೆಯ ಫೋಟೊದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

"ನೋಡು. ಮೂರು ಕಡೆ ಗುಡ್ಡ. ಬಾಯಿಗೆ ಅಡ್ಡ ಒಂದು ನಡುಗಡ್ಡೆ. ಬೇಸಿಗೆಯಲ್ಲಿ ಆ ಕಡೆ ಉತ್ತರದಿಂದ ದೊಡ್ಡ ಗಾಳಿ ಬೀಸ್ತದೆ, ಆದ್ರೆ ಇಲ್ಲಿ ಒಳಗೆ ಬರುದೇ ಇಲ್ಲ. ಹೇಳಿ ಮಾಡಿಸಿದ ಜಾಗ ಮಾರಾಯ್ತಿ."

ಚೆನ್ನಾಗಿದೆ ಅಂದೆ. ನೀರು ಪಚ್ಚೆ ಬಣ್ಣ, ದಡದಲ್ಲಿ ನಾಲ್ಕಾರು ಬಿಳಿ ಮನೆ, ಒಂದು ಅತಿಥಿಗೃಹ. ಟಿಕೆಟ್ಟೂ ಕೋಣೆಯೂ ಅದೇ ವಾರ ನಿಗದಿಯಾದವು. ಅದರ ಮರುದಿನ ಬೆಳಗ್ಗೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದಾಗ ಗಾಳಿಗೆ ಒಂದು ದಿಂಬಿನ ಕವರು ಕೈತಪ್ಪಿ ಕೆಳಗಿನ ಮನೆಯವರ ಕಂಬಿಗೆ ಹೋಗಿ ಸಿಕ್ಕಿಕೊಂಡಿತು. ಅದನ್ನು ನೋಡುತ್ತ ನಿಂತವಳಿಗೆ ಗಂಡ ಹೇಳಿದ ವಾಕ್ಯ ನಿಧಾನವಾಗಿ ಅರ್ಥವಾಯಿತು. ಒಳಗೆ ಬರುವುದೇ ಇಲ್ಲ ಎಂದದ್ದು ಗಾಳಿಯ ಬಗ್ಗೆ, ಹಾಯಿಗೆ ಬೇಕಾದ ಗಾಳಿಯ ಬಗ್ಗೆ.

ಇನ್ನೊಬ್ಬರನ್ನು ಕೇಳುವ ಚಟ ಇತ್ತಲ್ಲ, ಅತಿಥಿಗೃಹದ ಒಡತಿಗೆ ಇ-ಮೇಲ್ ಬರೆದೆ. ಜುಲೈ ತಿಂಗಳಲ್ಲಿ ನಿಮ್ಮ ಕೊಲ್ಲಿಯಲ್ಲಿ ಗಾಳಿ ಹೇಗಿರುತ್ತದೆ ಎಂದಷ್ಟೇ ಕೇಳಿದೆ. ಸಂಜೆಯೊಳಗೆ ಉತ್ತರ ಬಂತು. ಏನೂ ಚಿಂತಿಸಬೇಡಿ, ಇಲ್ಲಿ ಸಮುದ್ರ ಎಣ್ಣೆಯ ಹಾಗಿರುತ್ತದೆ, ಗಾಳಿ ಬೇಡ ಎನ್ನುವವರೇ ನಮ್ಮಲ್ಲಿಗೆ ಬರುವುದು, ಪೆಡಲು ತುಳಿಯುವ ದೋಣಿಯಿದೆ, ಹಾಯಿ ಹಲಗೆಯ ಮಂದಿ ದ್ವೀಪದ ಆಚೆ ಬದಿಗೆ ಹೋಗುತ್ತಾರೆ.

ಗಂಡ ಕ್ಲಾಂಗ್‌ನಿಂದ ಬಂದು ಚಹಾ ಕುಡಿದು ಮುಗಿಸುವವರೆಗೆ ಕಾದೆ. ಆಮೇಲೆ ಉತ್ತರವನ್ನು ಓದಿ ಹೇಳಿದೆ. ಅವರು ಲೋಟವನ್ನು ಮೇಜಿನ ಮೇಲಿಟ್ಟು ಅದರ ಜಾಗವನ್ನು ಎರಡು ಸಲ ಸರಿಮಾಡಿದರು.

"ಆದರೆ ಒಳ್ಳೆ ಕೊಲ್ಲಿ ಅದು," ಎಂದರು.

"ಯಾವುದಕ್ಕೆ?"

"ಹಡಗಿಗೆ."

"ನಾವು ಹಡಗು ತಗೊಂಡು ಹೋಗ್ತಿದೀವಾ?"

ಅವರು ನಗಲಿಲ್ಲ. ಅವರ ತಪ್ಪು ಎಂಥದೆಂದು ನನಗೆ ತಿಳಿಯುತ್ತಿತ್ತು. ಇಪ್ಪತ್ತಾರು ವರ್ಷ ಯಾರಿಗೆ ಗಾಳಿಯೇ ದೊಡ್ಡ ತಲೆನೋವೋ, ಗಾಳಿ ಎದ್ದರೆ ಯಾರ ಕ್ರೇನುಗಳು ನಿಲ್ಲುತ್ತವೋ, ಅಂಥವರ ಕೈಗೆ ಸಮುದ್ರದ ನಕಾಶೆ ಕೊಟ್ಟು ಒಳ್ಳೆಯ ಜಾಗ ಹುಡುಕಿ ಎಂದರೆ ಅವರು ಇನ್ನೇನು ಹುಡುಕಿಯಾರು?

"ಅವಳಿಗೆ ಹೇಳಬೇಡ," ಎಂದರು. "ನಗಾಡ್ತಾಳೆ. ಆಮೇಲೆ ಬರುದಿಲ್ಲ ಅಂತಾಳೆ. ಬಂದ್ರೂ ಆ ಪೆಡಲ್ ದೋಣಿಯಲ್ಲಿ ಕೂತು ಫೋನ್ ನೋಡ್ತಾಳೆ. ಅಲ್ಲಿಗೆ ಮುಗೀತು."

ವಿಂಡ್‌ಸರ್ಫಿಂಗ್ ಕಲಿಯುವ ಆಸೆ ಯಾರ ಸಲುವಾಗಿ ಎಂಬುದು ಮೊದಲ ಬಾರಿಗೆ ಅವರ ಬಾಯಿಂದಲೇ ಬಂದಂತಾಯಿತು. ನಾನು ಅದನ್ನು ಎತ್ತಿ ಆಡಲಿಲ್ಲ.

ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ಆದರೆ ಬಂದರಿನ ಇನ್ನೊಂದು ಅಭ್ಯಾಸವನ್ನು ಇಬ್ಬರೂ ಮರೆತಿದ್ದೆವು. ಅಲ್ಲಿ ಯೋಜನೆಯ ಹಾಳೆಯಲ್ಲಿ ಯಾವ ಬದಲಾವಣೆ ಮಾಡಿದರೂ ಸಂಬಂಧಪಟ್ಟ ಎಲ್ಲರಿಗೂ ಸಂದೇಶ ಹೋಗುವಂತೆ ಇಟ್ಟಿರುತ್ತಾರೆ. ಗಂಡ ಮನೆಯ ಹಾಳೆಯನ್ನೂ ಹಾಗೇ ಇಟ್ಟಿದ್ದರು. ಮರುದಿನ ಅವರು ಬೇಸರದಲ್ಲಿ 'ಗಾಳಿಯ ಮರೆ' ಎಂಬ ಅಂಕಣದಲ್ಲಿದ್ದ ಹತ್ತಕ್ಕೆ ಹತ್ತನ್ನು ಅಳಿಸಿ ಸೊನ್ನೆ ಬರೆದರು. ಮಗಳ ಫೋನು ಟಿಣ್ ಎಂದಿತು.

ಹಾಳೆ ತೆರೆದು ಓದುತ್ತ ಸೋಫಾದಲ್ಲಿ ಕೂತಿದ್ದವಳು ಮೊದಲು ಕೆಮ್ಮಿದಂತೆ ಮಾಡಿದಳು. ಆಮೇಲೆ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಂಡ ಎದ್ದೇಬಿಟ್ಟರು.

"ಪಪ್ಪಾ," ಎಂದಳು ಮುಖ ತೆಗೆದು, ಉಸಿರು ಸಿಕ್ಕಮೇಲೆ. "ಇದು ಪಾರ್ಕಿಂಗ್ ಲಾ. ಹನ್ನೊಂದು ಪಾರ್ಕಿಂಗ್ ಜಾಗ ಹುಡುಕಿದ್ದೀರಿ."

"ನಗು, ನಗು."

"ತಳದ ಮಣ್ಣು ಯಾಕೆ ಬೇಕು? ಲಂಗರು ಹಾಕಕ್ಕಾ?"

"ಒಂದು ಅಂಕಣ ಇರಲಿ ಅಂತ."

"ಆರು ವಾರ, ಪಪ್ಪಾ."

"ಗೊತ್ತುಂಟು ಎಷ್ಟು ವಾರ ಅಂತ."

ಬರುವುದಿಲ್ಲ ಎಂದು ಈಗ ಹೇಳುತ್ತಾಳೆ ಎಂದುಕೊಂಡು ನಾನು ಮೇಜಿನ ಮೇಲಿನ ಪತ್ರಿಕೆ ಮಡಚಿದೆ. ಅವಳು ಹೇಳಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಎರಡು ದಿನ ಊಟದ ಮೇಜಿಗೆ ಬಂದಾಗಲೂ ಅದರ ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳಿದ್ದ ನಕಾಶೆ ಇರುತ್ತಿತ್ತು. ಗಂಡ ಅನ್ನಕ್ಕೆ ಮೀನಿನ ಸಾರು ಹಾಕಿಕೊಳ್ಳುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಏನೆಂದು ಕೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ.

ಮೂರನೇ ದಿನ ಅವಳೇ ವರದಿ ಒಪ್ಪಿಸಿದಳು. ಡೆಸ್ಕಿನಲ್ಲಿದ್ದಾಗ ನನಗೆ ಇಂಥ ವರದಿಗಾರರು ಸಿಕ್ಕಿದ್ದರೆ ಬದುಕು ಹಗುರವಾಗಿರುತ್ತಿತ್ತು. ಉತ್ತರದ ಗಾಳಿ ಆ ಕೊಲ್ಲಿಗೆ ಬರುವುದಿಲ್ಲ, ಅದು ನಿಜ. ಬೆಳಗ್ಗೆ ಎಲೆಯೂ ಅಲುಗುವುದಿಲ್ಲ. ಆದರೆ ಗುಡ್ಡ ಕಾದಮೇಲೆ, ಮಧ್ಯಾಹ್ನ ಎರಡರ ಸುಮಾರಿಗೆ, ನಡುಗಡ್ಡೆಯ ಪಕ್ಕದ ಸಂದಿನಿಂದ ಸಣ್ಣ ಗಾಳಿ ಒಳಗೆ ಬರುತ್ತದೆ. ಐದರವರೆಗೆ ಇರುತ್ತದೆ. ಯಾವತ್ತೂ ಜೋರಾಗುವುದಿಲ್ಲ, ಗುಡ್ಡಗಳು ಬಿಡುವುದಿಲ್ಲ. ದ್ವೀಪದ ಆಚೆ ಬದಿಯಲ್ಲಿ ಹಲಗೆ ಬಾಡಿಗೆಗೆ ಕೊಡುವವನಿಗೆ ಅವಳು ಬರೆದಿದ್ದಳು. ಮುಂಚೆ ಹೇಳಿದರೆ ಹಲಗೆ, ಹಾಯಿಗಳನ್ನು ಗಾಡಿಯಲ್ಲಿ ತಂದುಕೊಡುತ್ತಾನಂತೆ.

"ಅಂದ್ರೆ ಜಾಗ ಬದಲಾಯಿಸುದು ಬೇಡವಾ?" ಎಂದರು ಗಂಡ.

"ಬೇಡ."

"ಜೋರು ಗಾಳಿ ಬೇಡವಾ?"

ಅವಳು ಪರದೆಯನ್ನೇ ನೋಡುತ್ತ, "ಒಮ್ಮೆಲೇ ನುಗ್ಗಿ ಬರಲ್ಲ ಅಲ್ಲಿ," ಎಂದಳು. ಕೈ ಹುಬ್ಬಿನ ಕಡೆಗೆ ಹೋಗಿ ಕೆಳಗಿಳಿಯಿತು. ಒಂದೂವರೆ ವರ್ಷದಲ್ಲಿ ಆ ಬೆಳಗಿನ ಬಗ್ಗೆ ಅವಳು ಆಡಿದ್ದು ಈ ಒಂದು ಮಾತು. ಗಂಡ ತಟ್ಟನೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅಲ್ಲಿ ನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹರಿಯಿತು.

ಹೊರಗೆ ಬಂದವರು ಪೂರಾ ಬೇರೆ ಮನುಷ್ಯ. "ಹಾಗಾದ್ರೆ ನಾನು ಆರಿಸಿದ್ದು ಸರಿಯೇ," ಎಂದರು.

"ತಪ್ಪು ಕಾರಣಕ್ಕೆ," ಎಂದೆ ನಾನು.

"ಕಾರಣಕ್ಕೆ ಅಂಕಣ ಇಲ್ಲ ನನ್ನ ಹಾಳೆಯಲ್ಲಿ."

ಆ ಹಲಗೆಯವನಿಗೆ ತುಂಬಿ ಕಳಿಸಬೇಕಾದ ಅರ್ಜಿಯಲ್ಲಿ ಪ್ರತಿಯೊಬ್ಬರ ಎತ್ತರ, ತೂಕ ಬರೆಯಬೇಕಿತ್ತು. ಗಂಡ ಎಂಬತ್ತೊಂದು ಕಿಲೊ ಅಂದರು. ಮಗಳು ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಎಂಬತ್ತೇಳು ಬರೆದಳು. ನೀರಿನ ವ್ಯಾಯಾಮದ ತರಗತಿಯ ಆಂಟಿಯರು ತಾನು ಸಣ್ಣಗಾಗಿದ್ದೇನೆ ಅನ್ನುತ್ತಾರೆ ಎಂದು ಇವರು ವಾದಿಸಿದರು. ಅವಳು ಅಳಿಸಲಿಲ್ಲ. ಅದರ ಕೆಳಗೆ ತನ್ನ ಎತ್ತರ, ತನ್ನ ತೂಕ ಬರೆದಳು. ಹಾಯಿ ಎಂಬಲ್ಲಿ ತನಗೆ ಸಣ್ಣದನ್ನು ಗುರುತು ಮಾಡಿದಳು. ಹದಿಮೂರನೇ ವಯಸ್ಸಿನಲ್ಲಿ ಬಳಸುತ್ತಿದ್ದ ಅಳತೆ ಅದು. ನಾವಿಬ್ಬರೂ ಏನೂ ಕಾಣದವರಂತೆ ಕಿಟಕಿಯ ಕಡೆ ನೋಡಿದೆವು.

ಕಳಿಸುವ ಮುಂಚೆ ಒಂದು ಷರತ್ತು ಹಾಕಿದಳು. ಪಪ್ಪ ದಡದಲ್ಲಿ ಟೋಪಿ ಹಾಕಿಕೊಂಡು ಕೂತು ನೋಡುವಂತಿಲ್ಲ. ಲೈಫ್ ಜಾಕೆಟ್ ತೊಟ್ಟು ನೀರಿಗೆ ಇಳಿದು ಬೀಳಬೇಕು. ಅಮ್ಮ ಅತಿಥಿಗೃಹದಲ್ಲೇ ಇರಬೇಕು. ಫೋಟೊ, ವಿಡಿಯೊ, ನೋಟ್‌ಬುಕ್ ಯಾವುದೂ ಕೂಡದು.

"ನೋಟ್‌ಬುಕ್ ಯಾಕೆ ಕೂಡದು?"

"ನೀವು ಸಮಯ ಬರ್ಕೋತೀರಿ, ಅಮ್ಮ. ಎಷ್ಟು ಗಂಟೆಗೆ ಬಿದ್ದಳು ಅಂತ."

ಒಪ್ಪಿಕೊಂಡೆ. ಆದ್ದರಿಂದ ಆ ದ್ವೀಪದ ಬಗ್ಗೆ ನನ್ನಲ್ಲಿರುವುದು ಅತಿಥಿಗೃಹದ ಹಿಂಬದಿಯಲ್ಲಿ ಕಂಡಷ್ಟೇ. ಕೊಲ್ಲಿ ಇದ್ದದ್ದು ಮನೆಯ ಇನ್ನೊಂದು ಬದಿಗೆ. ಮೊದಲ ಎರಡು ಮಧ್ಯಾಹ್ನ ಅಪ್ಪ-ಮಗಳು ಅರ್ಧ ಗಂಟೆಯೊಳಗೆ ಒಟ್ಟಿಗೆ ವಾಪಸ್ಸು ಬಂದರು. ಅಪ್ಪ ತೊಯ್ದು ತೊಪ್ಪೆಯಾಗಿದ್ದರು. ಅವಳ ಕೂದಲು ಒಣಗೇ ಇತ್ತು. ಒಡತಿ ಕಲ್ಲಂಗಡಿ ಕೊಯ್ದುಕೊಟ್ಟಳು, ತಿಂದೆವು.

ಮೂರನೇ ದಿನ ನಾಲ್ಕು ದಾಟಿದ ಮೇಲೆ ಅವರು ಒಬ್ಬರೇ ಬಂದರು. ಮೊಣಕೈ ತರಚಿತ್ತು, ಕನ್ನಡಕ ಇರಲಿಲ್ಲ, ಕಿವಿಯಿಂದ ನೀರು ಇಳಿಯುತ್ತಿತ್ತು. ನಾನು ಟವೆಲ್ ಕೊಟ್ಟೆ. ಅವರು ಒರೆಸಿಕೊಳ್ಳಲಿಲ್ಲ.

"ಅವಳೆಲ್ಲಿ?"

"ಕರೆದೆ," ಎಂದರು. "ಎರಡು ಸಲ ಕರೆದೆ. ಆ ನಡುಗಡ್ಡೆ ತನಕ ಹೋಗಿ ತಿರುಗಿದ್ಳು. ಬಾ ಅಂದ್ರೆ ಕೈ ಆಡಿಸಿ ಮತ್ತೆ ಹೋದ್ಳು."

ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಒಡತಿ ಏನೋ ಕೇಳಿದಳು, ಬಹುಶಃ ಕಾಫಿ ಬೇಕೇ ಎಂದು. ಅವರು ಕನ್ನಡದಲ್ಲೇ ಅವಳಿಗೆ ಉತ್ತರ ಕೊಟ್ಟರು: "ಅವಳು ಬರ್ಲಿ."