ಹೆಜ್ಜೆ ಬರೆಯಲು ನಾಚಿದ ಗುರುಬಸವರಾಜ

ಓದುವುದೆಂದರೆ ಒಂದು ಕಡೆ ಕೂರುವುದು ಅನ್ನುವವರು ಕೊಟ್ಟೂರಿನ ನಮ್ಮ ಓಣಿಯ ಗುರುಬಸವರಾಜನನ್ನು ನೋಡಿಲ್ಲ. ಸಿಎ ಕೊನೆಯ ಹಂತದ ಪರೀಕ್ಷೆಗೆ ಅವನು ಓಡಾಡುತ್ತಲೇ ಓದಿದ. ಮಾಳಿಗೆ ಹತ್ತಿದ, ಸೆಕೆ ಎಂದು ಇಳಿದ. ಗುಡಿಯ ಕಟ್ಟೆಗೆ ಹೋದ, ಗದ್ದಲ ಎಂದು ಎದ್ದ. ಹಸಿರು ಗೆರೆ ಎಳೆದ ಸಾಲಿನ ಕೆಳಗೇ ಮತ್ತೆ ಕೆಂಪು ಗೆರೆ ಎಳೆದ. ಪುಸ್ತಕವೆಲ್ಲ ಗೆರೆಯಾಯಿತು, ಪರೀಕ್ಷೆ ಮಾತ್ರ ಎರಡು ಸಲ ಕೈಕೊಟ್ಟಿತು. ಇದು ತೊಂಬತ್ತೆಂಟರ ಮಾತು.

ಅವನಪ್ಪ ಹಾಲೇಶಪ್ಪ ಎತ್ತಿನ ಸಂತೆಯ ದಲ್ಲಾಳಿ. ಕೊಳ್ಳುವವನ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿಯೇ ದರ ಹೇಳುವವನು. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು. "ಲೆಕ್ಕ ಹೊಟ್ಟ್ಯಾಗಿರಬೇಕಲೇ, ಬಾಯಾಗ ಬರಬಾರದು" ಎಂದು ಮಗನಿಗೆ ಚಿಕ್ಕಂದಿನಿಂದ ಹೇಳಿ ಬೆಳೆಸಿದ್ದ. ಮಗ ಎರಡನೇ ಸಲ ಫೇಲಾದಾಗ ಅಂದದ್ದು ಇಷ್ಟೇ.

"ಇನ್ನೊಂದು ಸಲ ಬರಿ. ಆಗಲಿಲ್ಲಂದ್ರ ನನ್ನ ಕೂಡ ಸಂತಿಗೆ ಬಾ."

ಸಗಣಿ, ಧೂಳು, ಕೂಗಾಟದ ಆ ಸಂತೆಯಿಂದ ದೂರ ಹೋಗಲೆಂದೇ ಗುರುಬಸವರಾಜ ಇಷ್ಟು ವರ್ಷ ಓದಿದ್ದು.

ಅವನು ಕೆಲಸ ಕಲಿತದ್ದು ದಾವಣಗೆರೆಯ ಆಡಿಟರ್ ಪಂಚಾಕ್ಷರಪ್ಪನವರ ಬಳಿ. ಅವರು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಮೇಜಿನ ಮೇಲೆ ಗಡಿಯಾರವಿಟ್ಟು, ತಮ್ಮ ಎದುರೇ ಬರೆಸಿದರು. ಇವನು ಹೊತ್ತಿಗೆ ಮುಂಚೆಯೇ ಮುಗಿಸಿ ಬೀಗಿದ. ನೋಡಿದರೆ ಪ್ರತಿ ಲೆಕ್ಕಕ್ಕೂ ಒಂದೋ ಎರಡೋ ಸಾಲು.

"ಈ ಸಂಖ್ಯೆ ಎಲ್ಲಿಂದ ಬಂತಪ್ಪ?"

"ಮನಸಿನ್ಯಾಗ ಹಾಕಿದ್ನಿರಿ ಸರ್."

"ನಿನ್ನ ಮನಸಿಗೆ ಮಾರ್ಕ್ಸ್ ಕೊಡೋರು ಯಾರು? ಒಂದು ಕಡೆ ತಪ್ಪಿದ್ರೆ ಇಡೀ ಲೆಕ್ಕ ಹೋತು. ಬಂದ ಹಾದಿ ತೋರಿಸಿದ್ರೆ ಅರ್ಧನಾದ್ರೂ ಕೊಡ್ತಾರೆ."

ಅಂದಿನಿಂದ ಓದು ಕಡಿಮೆಯಾಯಿತು, ಬರೆಯುವುದು ಹೆಚ್ಚಾಯಿತು. ಗಡಿಯಾರ ಎದುರಿಗಿರಬೇಕು, ಲೆಕ್ಕದ ಪ್ರತಿ ಹೆಜ್ಜೆಯೂ ಹಾಳೆಯ ಮೇಲೆ ಬರಬೇಕು. ತಪ್ಪಿದ ಲೆಕ್ಕವನ್ನು ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ಮತ್ತೆ ಬಿಡಿಸಬೇಕು. ಮನೆಯಲ್ಲಿ ತಂಗಿ ಶೈಲಾಳಿಗೆ ಪಾಠ ಹೇಳಬೇಕು, ಅವಳು "ಇದ್ಯಾಕಣ್ಣ?" ಎಂದಾಗ ತೊದಲಿದರೆ ಆ ಪಾಠ ಅವನಿಗೇ ಬಂದಿಲ್ಲವೆಂದು ಅರ್ಥ. ಆದರೆ ಹೆಜ್ಜೆ ಬರೆಯುವಾಗ ಅವನಿಗೆ ಸಂತೆಯಲ್ಲಿ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆ. ಎಡಗೈ ತಾನಾಗಿ ಹಾಳೆಯನ್ನು ಮುಚ್ಚುತ್ತಿತ್ತು. ಶೈಲಾ ಆ ಕೈಗೆ ಸ್ಕೇಲಿನಿಂದ ಬಾರಿಸುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಸ್ಕೇಲಿನ ಏಟಿಗೆ ಸ್ವಲ್ಪ ಹೋಯಿತು.

ಹುಬ್ಬಳ್ಳಿಯಲ್ಲಿ ಪರೀಕ್ಷೆ. ಹೆಜ್ಜೆ ಬರೆಯುತ್ತಲೇ ಹೊತ್ತು ಹೋಗಿ, ಕೊನೆಯ ಲೆಕ್ಕಕ್ಕೆ ಉತ್ತರ ಬರುವ ಮೊದಲೇ ಗಂಟೆ ಬಾರಿಸಿದರು. ಮುಗಿಯದ ಆ ಲೆಕ್ಕ ಮನೆಗೆ ಬಂದ ಮೇಲೂ ಅವನನ್ನು ಕೂರಲು ಬಿಡಲಿಲ್ಲ. ಊಟದ ತಾಟಿನ ಮುಂದಿನಿಂದ ಎದ್ದು ಹೋಗಿ ಅಂಗಳದಲ್ಲಿ ಸುತ್ತುತ್ತಿದ್ದ. ಯಾರಾದರೂ ಫಲಿತಾಂಶದ ಸುದ್ದಿ ಎತ್ತಿದರೆ ಸಿಡುಕುತ್ತಿದ್ದ.

ಕೊನೆಗೆ ಪಂಚಾಕ್ಷರಪ್ಪನವರೇ ಫೋನ್ ಮಾಡಿದರು. ಪಾಸು. ಶೈಲಾ ಕುಣಿದಳು. ಸಂತೆಗೆ ಹೊರಟಿದ್ದ ಹಾಲೇಶಪ್ಪ ಹೊಸ್ತಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ಗುರುಬಸವರಾಜ ಹಿಗ್ಗಿನಲ್ಲಿ ಚಪ್ಪಲಿ ಮೆಟ್ಟಿದ.

"ನಿಂದ್ರಪ್ಪಾ, ಇವತ್ತೊಂದಿನ ನಾನೂ ಬರ್ತೀನಿ."

"ಬ್ಯಾಡ ಮಗನ," ಎಂದ ಅಪ್ಪ. "ಇನ್ನ ಮ್ಯಾಲೆ ನೀ ಸಂತಿಗೆ ಬರಬ್ಯಾಡ. ಈ ಎತ್ತಿಗೆ ಇಷ್ಟು ರೇಟ್ ಹ್ಯಾಂಗ ಬಂತು ಅಂತ ಯಾರರ ಕೇಳಿದ್ರ, ನೀ ಪೂರಾ ಬಿಡಿಸಿ ಹೇಳತಿ."

ನಗುತ್ತಲೇ ಹೇಳಿ ಹೊರಟುಹೋದ. ಬೇಡವೆಂದೇ ಬಿಟ್ಟು ಓದಿದ ಸಂತೆ ಅದು. ಬರಬೇಡ ಎಂದು ಅಪ್ಪನೇ ಅಂದಾಗ ಗುರುಬಸವರಾಜನಿಗೆ ಅಳು ತಡೆಯಲಾಗಲಿಲ್ಲ.