ಹಾಸಿಗೆಯವನ ಅಂಗಡಿಗೆ ಚಿಗಟ ಬಂದ ಬಗೆ

ಬೀಗದ ಕೈಯನ್ನು ಕೈಗೆ ಕೊಡದೆ ಮಣ್ಣಿಗೆ ಎಸೆದನಲ್ಲ, ಆ ಒಂದು ಸಿಟ್ಟು ಹಾಸಿಗೆಯವನಿಗೆ ಭಾವಮೈದನ ಮೇಲೆ ಇವತ್ತಿಗೂ ಆರಿಲ್ಲ. ವಯಸ್ಸಿನಲ್ಲಿ ಹಿರಿಯನಾದ ತಾನೇ ಬಗ್ಗಿ ಹೆಕ್ಕಿಕೊಳ್ಳಬೇಕಾಯಿತು. ಅದೂ ಎದುರಿನ ಸೈಕಲ್ ರಿಪೇರಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ.

ಹಾಸಿಗೆಯವನು ಯಾರನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಹತ್ತಿ ಬಂದರೆ ಮೂಟೆಯೊಳಗೆ ತೋಳು ಮುಳುಗುವಷ್ಟು ಕೈ ತೂರಿಸಿ ತಳದಲ್ಲಿ ಒದ್ದೆ ಇದೆಯೇ ಎಂದು ನೋಡುತ್ತಿದ್ದ. ಹೊಲಿದ ಹಾಸಿಗೆಯ ಮೂಲೆಗೆ ತನ್ನದೇ ಒಂದು ಗಂಟು ಹಾಕುತ್ತಿದ್ದ. ಯಾರಾದರೂ ಬಿಚ್ಚಿ ಹತ್ತಿ ಕದ್ದರೆ ಮತ್ತೆ ಹಾಗೆ ಕಟ್ಟಲು ಅವರಪ್ಪನಿಂದಲೂ ಆಗದು. ಅವನು ಪೂರ್ತಿ ನಂಬಿದ್ದು ಹೊಲಿಗೆ ಹಲಗೆಯ ಕೆಳಗೆ ಮಲಗುತ್ತಿದ್ದ ಮುದಿ ನಾಯಿಯನ್ನು ಮಾತ್ರ. ಅದು ಸತ್ತ ಮೇಲೆ ಅಲ್ಲಿ ಕೂರಲು ಮನಸ್ಸಾಗದೆ, ಮಗಳ ಹೆರಿಗೆಗೆಂದು ಹೆಂಡತಿಯೊಡನೆ ಊರು ಬಿಟ್ಟ. ಅಂಗಡಿಯ ಇನ್ನೊಂದು ಬೀಗದ ಕೈ ಕೊಟ್ಟದ್ದು ಹೆಂಡತಿಯ ತಮ್ಮನಿಗೆ. ಬೀದಿಯ ಕೊನೆಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿ ಅವನದು.

ಬೇಸಿಗೆ ಕಳೆದು ಬಂದು ಬಾಗಿಲು ತೆರೆದು ಒಳಗೆ ಕಾಲಿಟ್ಟಿದ್ದೇ ತಡ, ಪಂಚೆಯ ತುಂಬ ಚಿಗಟ! ನೆಲದ ಮೇಲಿದ್ದ ಹತ್ತಿ ಮೂಟೆಗಳು ನೋಡಿದರೆ ಅಟ್ಟ ಹತ್ತಿ ಕೂತಿವೆ. ಬೀದಿಗೆ ಬಂದು ಭಾವಮೈದನನ್ನು ಕೂಗಿ ಕರೆದ.

"ಏನೋ, ನನ್ನ ಅಂಗಡೀಲಿ ನಾಯಿ ಕಟ್ಟಿದ್ದೀಯಾ? ಜಾಗಕ್ಕೆ ಅಂತ ಮೂಟೆ ಮೇಲೆ ಹಾಕಿದ್ದೀಯಾ?"

"ಪೈಪು ಒಡೆದು ನೀರು ನುಗ್ಗಿತು ಭಾವ. ಹತ್ತಿ ನೆನೆಯುತ್ತೆ ಅಂತ ಒಬ್ಬನೇ ಹೊತ್ತು ಹಾಕಿದೆ."

"ನೀರೆಲ್ಲಿ? ನೆಲ ಒಣಗಿದೆ!"

"ಮತ್ತೆ, ನೀವು ಬರೋವರೆಗೂ ಒದ್ದೆಯಾಗೇ ಕಾಯ್ತಿರುತ್ತಾ?"

"ಎದುರು ಬೇರೆ ಮಾತಾಡ್ತೀಯಾ, ಕಳ್ಳ!"

ಆ ಮಾತಿಗೇ ಬೀಗದ ಕೈ ಮಣ್ಣಿಗೆ ಬಿದ್ದದ್ದು. ಅವತ್ತಿನಿಂದ ಅವನು ಅಕ್ಕನ ಮನೆ ಹೊಸ್ತಿಲು ತುಳಿಯಲಿಲ್ಲ. ಹೆಂಡತಿ ಗಂಡನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಕೊನೆಗೆ ಒಂದು ದಿನ ಅವಳೇ ಒಬ್ಬ ಹೆಂಗಸನ್ನು ಅಂಗಡಿಗೆ ಕರೆತಂದಳು. ಯಾವ ಪ್ರಾಣಿಯ ಮೈಮೇಲೆ ಯಾವ ಚಿಗಟ ಇರುತ್ತದೆಂದು ಸಂಶೋಧನೆ ಮಾಡುವವರು. ಭಾವಮೈದನ ಅಂಗಡಿಗೆ ಬರುವ ನಾಯಿಗಳನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚುತ್ತಿದ್ದುದರಿಂದ ಬೀದಿಯವರಿಗೆಲ್ಲ ಚಿಗಟದ ಮೇಡಂ.

"ಇವರು ಬಾಟಲೀಲಿ ಚಿಗಟ ಸಾಕ್ತಾರಂತೆ ರೀ."

"ಸಾಕೋರನ್ನೇ ಕರ್ಕೊಂಡು ಬಂದೆಯಾ? ತಂದು ಬಿಟ್ಟವರೂ ಇವರೇ ಇರಬೇಕು."

ಮೇಡಂ ನಕ್ಕರು. "ನಿಮ್ಮ ನಾಯಿ ಎಲ್ಲಿ ಮಲಗ್ತಿತ್ತು?"

"ಈ ಹಲಗೆ ಕೆಳಗೆ. ಅದಕ್ಕೆ ಚಿಗಟ ಇರಲಿಲ್ಲ. ಇದ್ರೂ ಎಲ್ಲ ನಾಯಿಗೂ ಇರೋವಷ್ಟೇ."

"ಅಷ್ಟು ಸಾಕು ಬಿಡಿ."

ನಾಯಿ ಮಲಗಿದಲ್ಲಿ ಚಿಗಟದ ಮೊಟ್ಟೆ ಉದುರುತ್ತವೆ, ಮರಿಹುಳು ಬಿರುಕಿನ ದೂಳಿನಲ್ಲಿ ಬೆಳೆದು ಗೂಡು ಕಟ್ಟುತ್ತದೆ, ಒಳಗೇ ಚಿಗಟವಾಗಿ ತಿಂಗಳುಗಟ್ಟಲೆ ಕಾಯುತ್ತದೆ, ಹೆಜ್ಜೆಯ ಅದುರು, ಉಸಿರಿನ ಬಿಸಿ ತಾಗಿದೊಡನೆ ಹಾರುತ್ತದೆ ಎಂದರು. ಹಾಸಿಗೆಯವನು ಹೆಂಡತಿಯ ಮುಖ ನೋಡಿದ. ಭಾವಮೈದ ಪಾಠ ಹೇಳಿಕೊಟ್ಟು ಕಳಿಸಿದ್ದಾನೆ, ಸಂಶಯವೇ ಇಲ್ಲ.

"ನಂಬಬೇಡಿ, ನೀವೇ ನೋಡಿ," ಎಂದರು ಮೇಡಂ.

ಹಲಗೆ ಕೆಳಗಿನ ಬಿರುಕಿನಿಂದ ದೂಳು ಕೆರೆದು ಜಾಡಿಗೆ ತುಂಬಿದ್ದು ಅವನೇ. ಗಾಜಿನ ಜಾಡಿಯೂ ಅವನದೇ, ಅವರ ಜಾಡಿ ಮುಟ್ಟಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ, ದಬ್ಬಳದಿಂದ ಹೊಲಿದು, ತನ್ನ ಗಂಟು ಹಾಕಿ ಮೂಲೆಯ ಗೋಡೆಗೂಡಿನಲ್ಲಿಟ್ಟ. ಮೊದಲು ಒಂದಷ್ಟು ಚಿಗಟ ಹಾರಿ, ರಕ್ತವಿಲ್ಲದೆ ಸತ್ತವು. ಆಮೇಲೆ ಬರೀ ದೂಳು. ದಿನಾ ದೂರದಿಂದ ಗಂಟು ನೋಡುತ್ತಿದ್ದ, ಹೆಂಡತಿ ಆ ಕಡೆ ಸುಳಿದರೂ ಹಿಂದೆಯೇ ಹೋಗುತ್ತಿದ್ದ.

ತಿಂಗಳು ಕಳೆದ ಮೇಲೆ ಮೇಡಂ ಬಂದರು. "ಗಂಟು ಯಾರಾದ್ರೂ ಮುಟ್ಟಿದ್ದಾರಾ?"

ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಇಲ್ಲ."

"ಹಾಗಿದ್ರೆ ಬಟ್ಟೆ ಮೇಲಿಂದ ಬಿಸಿಯುಸಿರು ಊದಿ, ಜಾಡಿ ತಟ್ಟಿ."

ಊದಿದ. ತಟ್ಟಿದ. ಸತ್ತಂತಿದ್ದ ದೂಳು ಚಟಚಟನೆ ಬಟ್ಟೆಗೆ ಹಾರತೊಡಗಿತು. ಹಾಸಿಗೆಯವನು ಜಾಡಿ ಕೆಳಗಿಟ್ಟು ಪಂಚೆ ಕೊಡವಿಕೊಂಡ, ಅಲ್ಲೇನೂ ಇಲ್ಲದಿದ್ದರೂ.

"ಹಾಗಾದ್ರೆ ನನ್ನ ತಮ್ಮ?" ಎಂದಳು ಹೆಂಡತಿ.

ಸಂಜೆ ಸ್ನಾನದಂಗಡಿಗೆ ಹೋದ. ಭಾವಮೈದ ನೊರೆ ಮೆತ್ತಿದ ನಾಯಿಯನ್ನು ಉಜ್ಜುತ್ತಿದ್ದ. ಸೈಕಲ್ ರಿಪೇರಿಯವನೂ ತನ್ನ ನಾಯಿ ಹಿಡಿದುಕೊಂಡು ಸರದಿಗೆ ನಿಂತಿದ್ದ.

"ಮನೆಗೆ ಬಾರೋ. ಅಕ್ಕ ಕರೀತಿದ್ದಾಳೆ."

"ಅಕ್ಕ ಯಾವತ್ತೂ ಕರೀತಾಳೆ. ಬೀದೀಲಿ ಕಳ್ಳ ಅಂದಿರಿ ಭಾವ. ಅಲ್ಲ ಅಂತಲೂ ಬೀದೀಲೇ ಹೇಳಿ, ಈ ಕೈ ತೊಳ್ಕೊಂಡು ನಿಮ್ಮ ಹಿಂದೆ ಬರ್ತೀನಿ."

ಹಾಸಿಗೆಯವನು ಬಾಯಿ ತೆರೆದ. ಸೈಕಲ್ ರಿಪೇರಿಯವನ ಕಿವಿ ನೆಟ್ಟಗಾಯಿತು. ಹೊರಟ ಮಾತು ಗಂಟಲಲ್ಲೇ ತಿರುಗಿ, "ಆ ನಾಯಿ ಕಿವಿಗೆ ನೀರು ಹೋಗುತ್ತೆ, ನೋಡ್ಕೋ," ಎಂದಾಗಿ ಹೊರಬಿತ್ತು.

ವಾರದ ಮೇಲೆ ಎಲ್ಲಕ್ಕಿಂತ ಒಳ್ಳೆಯ ಹತ್ತಿ ತುಂಬಿ ಒಂದು ಹಾಸಿಗೆ ಹೊಲಿದು ಭಾವಮೈದನಿಗೆ ಕಳಿಸಿದ. ಅದು ಮಧ್ಯಾಹ್ನವೇ ವಾಪಸು ಬಂತು. ಹೊತ್ತು ತಂದ ಗಾಡಿಯವನು ಬಾಗಿಲಲ್ಲೇ ಇಳಿಸಿ, "ಅವರು ಕೇಳಿದ್ದು ಇದಲ್ಲವಂತೆ," ಎಂದ.

ಕೇಳಿದ್ದನ್ನು ಹಾಸಿಗೆಯವನು ಇನ್ನೂ ಕೊಟ್ಟಿಲ್ಲ.