ಚಿಕ್ಕಮ್ಮನ ಹೊಟ್ಟೆಗೆ ಯಾರ ಸೈನು

ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ, ಅಷ್ಟು ಸಾಕು. ಹೆಸರು ಹೇಳಿದರೆ ಉಳಿದ ಊರಿನವರೆಲ್ಲ ‘ಅಯ್ಯೋ, ಅಲ್ಲಿ ಹಾಗಂತೆ’ ಎಂದು ನೆಮ್ಮದಿಯಾಗಿ ಕೂತುಬಿಡುತ್ತಾರೆ. ಆ ನೆಮ್ಮದಿಯನ್ನು ಯಾರಿಗೂ ಕೊಡಲು ನನಗೆ ಇಷ್ಟವಿಲ್ಲ.

ನನ್ನ ಚಿಕ್ಕಮ್ಮ ಕೊಣನೂರಿನ ಹತ್ತಿರದ ಹಳ್ಳಿಯವಳು. ಮದುವೆಯಾದ ಹೊಸದರಲ್ಲೇ ಅವಳ ಗಂಡ ಚನ್ನರಾಯಪಟ್ಟಣದ ಕಡೆ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದ. ಇವಳು ಅತ್ತು ಕರೆದು ಮಾಡಲಿಲ್ಲ. ಮಕ್ಕಳಿರಲಿಲ್ಲ, ಅಣ್ಣತಮ್ಮಂದಿರೂ ಇಲ್ಲದ ತವರಿಗೆ ಬಂದು ಹಸು ಕಟ್ಟಿದಳು. ಈಗ ಆ ಊರಿನ ಮಹಿಳಾ ಡೇರಿಗೆ ಅವಳೇ ಅಧ್ಯಕ್ಷೆ. ಊರಿನ ಹೆಂಗಸರಿಗೆ ಹಾಲಿನ ಹಣದ ಬಟವಾಡೆ ಆಗಬೇಕಾದರೆ ಚೆಕ್ಕಿನ ಮೇಲೆ ಇವಳ ಸೈನು ಬೀಳಬೇಕು. ಬ್ಯಾಂಕಿನವರು ಆ ಸೈನಿಗೆ ಎಂದೂ ತಕರಾರು ಎತ್ತಿದ್ದಿಲ್ಲ.

ಅವಳಿಗೆ ಗರ್ಭಕೋಶದಲ್ಲಿ ಗಡ್ಡೆಯಾಗಿತ್ತು. ತಿಂಗಳುಗಟ್ಟಲೆ ರಕ್ತ ಹೋಗಿ ಮುಖ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದಳು. ಆಸ್ಪತ್ರೆಗೆ ಸೇರಿಸಿ ರಕ್ತ ಏರಿಸಿದ ಮೇಲೆ, ನಾಳೆ ಬೆಳಗ್ಗೆ ಆಪರೇಷನ್, ಗರ್ಭಕೋಶ ತೆಗೆಯಬೇಕು ಎಂದರು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ರಜೆ ಹಾಕಿ ಅವಳ ಜೊತೆಗಿದ್ದೆ.

ಮಧ್ಯಾಹ್ನ ಸಿಸ್ಟರ್ ಒಪ್ಪಿಗೆ ಪತ್ರ ಹಿಡಿದು ಬಂದರು. ಚಿಕ್ಕಮ್ಮ ಕೈ ಚಾಚಿದಳು. ಸಿಸ್ಟರ್ ಅದನ್ನು ಅವಳಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ನಮ್ಮಿಬ್ಬರ ತಲೆಯ ಮೇಲಿಂದ ವಾರ್ಡಿನ ಬಾಗಿಲ ಕಡೆ ನೋಡಿದರು.

“ಗಂಡಸ್ರು ಯಾರೂ ಬಂದಿಲ್ವಾ?”

ರೋಗಿ ಎಚ್ಚರವಾಗಿದ್ದಾರೆ, ಬುದ್ಧಿ ನೆಟ್ಟಗಿದೆ, ಹದಿನೆಂಟು ದಾಟಿ ಎಷ್ಟೋ ವರ್ಷವಾಗಿದೆ, ಅವರ ದೇಹಕ್ಕೆ ಅವರ ಒಪ್ಪಿಗೆ ಸಾಕು ಎಂದೆ. ಇರಬಹುದು, ಆದರೆ ಇಲ್ಲಿ ಗಂಡ, ಮಗ ಅಥವಾ ಅಣ್ಣತಮ್ಮ ಸೈನು ಹಾಕಬೇಕು, ಅದು ರೂಲ್ಸು ಎಂದರು ಸಿಸ್ಟರ್. ಸಂಜೆಯೊಳಗೆ ಆಗದಿದ್ದರೆ ನಾಳೆಯ ಜಾಗ ಇನ್ನೊಬ್ಬರಿಗೆ ಹೋಗುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದು ಎಂದೂ ಸೇರಿಸಿದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದರು, ಅದಕ್ಕೇ ನನಗೆ ಮೈ ಉರಿಯಿತು.

ನಾನು ಸಮಾಜ ವಿಜ್ಞಾನದ ಟೀಚರು. ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ, ಕಾನೂನಿನ ಮೂಲಗಳೆಂದರೆ ಸಂವಿಧಾನ, ಶಾಸನ, ನ್ಯಾಯಾಲಯದ ತೀರ್ಪು, ರೂಢಿ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವಳು. ಆ ರೂಲ್ಸು ಎಲ್ಲಿದೆ ತೋರಿಸಿ ಎಂದು ಹೊರಟೆ. ಸಿಸ್ಟರ್ ಹೆಡ್ ಸಿಸ್ಟರನ್ನು ತೋರಿಸಿದರು. ಅವರು ಆಫೀಸನ್ನು ತೋರಿಸಿದರು. ಆಫೀಸಿನ ಗುಮಾಸ್ತರು, ಅದು ಜಿಲ್ಲೆಯಿಂದ ಬಂದದ್ದು ಎಂದರು. ಪಕ್ಕದ ಮೇಜಿನವರು ತಲೆಯೆತ್ತಿ, ಅಲ್ಲ, ಬೆಂಗಳೂರಿನ ಆರ್ಡರು ಎಂದು ತಿದ್ದಿದರು. ಬಾಗಿಲಲ್ಲಿ ಟೀ ಕುಡಿಯುತ್ತ ನಿಂತಿದ್ದ ಇನ್ನೊಬ್ಬರು, ಅಯ್ಯೋ, ಸೆಂಟ್ರಲ್ ಗೌರ್ಮೆಂಟಿಂದೇ ಹಾಗಿದೆ ಮೇಡಂ ಎಂದರು. ದೆಹಲಿಯವರೆಗೂ ಹೋಗಿ ಬಂದ ಆ ರೂಲ್ಸನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಗ್ರಾಮ ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಸರ್ಕಾರದ ಮೆಟ್ಟಿಲುಗಳ ಚಿತ್ರ ಬರೆಸುತ್ತೇನಲ್ಲ, ಆ ಮೆಟ್ಟಿಲುಗಳಿಂದ ಹೀಗೂ ಒಂದು ಉಪಯೋಗವಿದೆ ಎಂದು ಅವತ್ತು ತಿಳಿಯಿತು. ಬೆರಳು ತೋರಿಸಲು ಎಲ್ಲರಿಗೂ ಮೇಲೊಬ್ಬರು ಇದ್ದೇ ಇರುತ್ತಾರೆ. ಬರಿಗೈಯಲ್ಲಿ ವಾರ್ಡಿಗೆ ವಾಪಸು ಬಂದೆ.

ಪಕ್ಕದ ಮಂಚದಲ್ಲಿ ಬೂವನಹಳ್ಳಿ ಕಡೆಯ ಹೆಂಗಸೊಬ್ಬಳಿದ್ದಳು. ಹಿಂದಿನ ದಿನವೇ ಅವಳಿಗೆ ಆಪರೇಷನ್ ಆಗಿತ್ತು. ಅವಳ ಗಂಡ ಒಳ್ಳೆಯವನು. ನಮಗೂ ಬಿಸಿನೀರು ತಂದುಕೊಡುತ್ತಿದ್ದ, ಹೆಂಡತಿಗೆ ತಾನೇ ಗಂಜಿ ಕುಡಿಸುತ್ತಿದ್ದ. ಅವನಿಗೆ ವಾರ್ಡಿನಲ್ಲಿ ಇನ್ನೊಂದು ಕೆಲಸವೂ ಇತ್ತು. ಗಂಡಸರು ಜೊತೆಗೆ ಬಾರದ ಹೆಂಗಸರ ಪತ್ರಕ್ಕೆ ‘ಅಣ್ಣ’ ಎಂದು ಸೈನು ಹಾಕಿಕೊಡುವುದು. ಇಬ್ಬರಿಗೆ ಆಗಲೇ ಅಣ್ಣನಾಗಿದ್ದ. ಅದು ಸಿಸ್ಟರಿಗೂ ಗೊತ್ತಿತ್ತು. ಅವರೇ ಅವನ ಕಡೆ ಕಣ್ಸನ್ನೆ ಮಾಡಿದ್ದು.

“ನಾನೇ ಆಕ್ತೀನಿ ಬುಡಿ ಟೀಚರ್,” ಎಂದ ಅವನು. “ಅಣ್ಣ ಅಂತ ಬರ್ಕೊಂಡ್ರೆ ಆಯ್ತು.”

ಚಿಕ್ಕಮ್ಮನ ಹೆಸರೂ ಗೊತ್ತಿಲ್ಲದ ಮನುಷ್ಯ ಅವಳ ಹೊಟ್ಟೆ ಕೊಯ್ಯಲು ಒಪ್ಪಿಗೆ ಕೊಡಬಹುದು, ಚಿಕ್ಕಮ್ಮ ಕೊಡುವ ಹಾಗಿಲ್ಲ. ಇದಕ್ಕಿಂತ ಚೆನ್ನಾಗಿ ಆ ರೂಲ್ಸನ್ನು ನಾನೂ ಪಾಠ ಮಾಡಲಾರೆ. ಆದರೂ ಅವಳ ಮುಖ ನೋಡಿದಾಗ ಧೈರ್ಯ ಕುಸಿಯಿತು. ನಾಳೆ ತಪ್ಪಿದರೆ ಏನು ಗತಿ? ಹಾಕಿಸಿಬಿಡೋಣ ಚಿಕ್ಕಮ್ಮ, ಹಠ ಆಮೇಲೆ ನೋಡಿಕೊಳ್ಳೋಣ ಎಂದೆ.

ಅವಳು ದಿಂಬಿಗೆ ಒರಗಿ ಎದ್ದು ಕೂತಳು. “ಊರೋರ ಹಾಲಿನ್ ದುಡ್ಗೆ ನನ್ ಸೈನ್ ಆಯ್ತದೆ, ನನ್ ಹೊಟ್ಟೆಗ್ ಆಗಾಕಿಲ್ವಾ? ಬ್ಯಾಡ ಕಣ್ ಮಗ. ಇಲ್ಲಾಂದ್ರೆ ಮನೆಗ್ ಓಯ್ತೀನಿ.”

ಆಮೇಲೆ ಅವನ ಕಡೆ ತಿರುಗಿ, ನಿಮ್ಮ ಮೇಲೇನೂ ಬೇಜಾರಿಲ್ಲ ಎಂದು ಮೆಲ್ಲಗೆ ಹೇಳಿದಳು. ಅವನು ತಲೆ ಕೆರೆದುಕೊಂಡು ಸ್ಟೂಲಿನ ಮೇಲೆ ಕೂತ.

ಸಂಜೆ ಡಾಕ್ಟರು ರೌಂಡ್ಸಿಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬೆಳಗಿನಿಂದ ಕೂತಂತೆ ಕಾಣಲಿಲ್ಲ. ನಾನು ಸಂವಿಧಾನದಿಂದಲೇ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

“ಕಾನೂನು ನನಗೂ ಗೊತ್ತು ಮೇಡಂ. ಪೇಷಂಟ್ ಸೈನ್ ಸಾಕು. ಆದ್ರೆ ನಾಳೆ ಏನಾದ್ರೂ ಆದ್ರೆ ಕಾನೂನು ಬಂದು ಬಾಗಿಲಲ್ಲಿ ನಿಂತ್ಕೊಳಲ್ಲ. ಅಲ್ಲೀವರೆಗೂ ಮುಖ ತೋರ್ಸದ ಗಂಡ ಜನ ಕಟ್ಕೊಂಡ್ ಬರ್ತಾನೆ, ನನ್ನ ಕೇಳ್ದೆ ಹೆಂಗ್ ಕೊಯ್ದೆ ಅಂತಾನೆ.”

ಅವರ ಜೊತೆ ಓದಿದವರೊಬ್ಬರ ಮೇಲೆ ಹಾಗೇ ಕುರ್ಚಿ ಎತ್ತಿ ಎಸೆದಿದ್ದರಂತೆ. ಸುಳ್ಳಲ್ಲ, ನಾನೂ ಅಂಥದ್ದನ್ನು ಕೇಳಿದ್ದೇನೆ. ಹಾಗಾದರೆ ನಾನು ಇಡೀ ಮಧ್ಯಾಹ್ನ ಹುಡುಕಿದ ರೂಲ್ಸು ಹುಟ್ಟಿದ್ದು ದೆಹಲಿಯಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ, ಇವರ ಹೆದರಿಕೆಯಲ್ಲಿ. ರೂಢಿಯೂ ಕಾನೂನಿನ ಮೂಲ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದವಳು, ಆ ರೂಢಿ ಶುರುವಾದಾಗ ಯಾರಿಗೆ ಯಾರ ಭಯವಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ. ಡಾಕ್ಟರ ಮೇಲೆ ಕನಿಕರ ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ. ಡಾಕ್ಟರನ್ನು ಕಾಯಬೇಕಾದದ್ದು ಸರ್ಕಾರ. ಅದು ಕಾಯಲಿಲ್ಲವೆಂದು ಆ ಭಯವನ್ನು ಮಂಚದ ಮೇಲೆ ಮಲಗಿದವಳ ತಲೆಗೆ ಕಟ್ಟುವುದು ಯಾವ ನೀತಿ? ಹಾಗೆಂದು ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಚಿಕ್ಕಮ್ಮ ಮಾತಾಡಿದಳು.

“ಬದ್ಕಿದ್ದಾಗ್ಲೇ ಬರ್ದೇ ಇದ್ದೋನು ಸತ್ಮೇಲ್ ಯಾಕ್ ಬತ್ತಾನೆ ಡಾಕ್ಟ್ರಮ್ಮ? ಬಂದ್ರೆ ನನ್ ಸೈನ್ ತೋರ್ಸಿ. ಅದುಕ್ಕೇ ಅಲ್ವಾ ಆಕ್ತೀನಿ ಅಂತಿರೋದು.”

ಡಾಕ್ಟರು ಸಿಸ್ಟರ ಕೈಯಿಂದ ಪತ್ರ ತೆಗೆದುಕೊಂಡು, ತಮ್ಮ ಪೆನ್ನಿನ ಸಮೇತ ಚಿಕ್ಕಮ್ಮನಿಗೆ ಕೊಟ್ಟರು.

ಇನ್ನು ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಡೇರಿಯಲ್ಲಿ ಸೆಕ್ರೆಟರಿ ತಂದ ಕಾಗದವನ್ನೂ ಅವಳು ಹಾಗೇ ಓದುವುದು, ಓದದೆ ಸೈನು ಹಾಕಿದ್ದೇ ಇಲ್ಲ. ಅರ್ಧಕ್ಕೆ ಬೆರಳಿಟ್ಟು, ಜೀವಕ್ಕೆ ಅಪಾಯ ಆಗಬಹುದು ಅಂತ ಇದೆಯಲ್ಲ, ಯಾವ ತರದ ಅಪಾಯ ಎಂದು ಕೇಳಿದಳು. ಅಲ್ಲಿಯವರೆಗೆ ನನ್ನ ಜೊತೆ ಮಾತಾಡುತ್ತಿದ್ದ ಡಾಕ್ಟರು ಮಂಚದ ಅಂಚಿನಲ್ಲಿ ಕೂತರು. ಏನು ತೆಗೆಯುತ್ತೇವೆ, ಏನು ಬಿಡುತ್ತೇವೆ, ಅಂಡಾಶಯ ಚೆನ್ನಾಗಿದ್ದರೆ ಯಾಕೆ ಉಳಿಸುತ್ತೇವೆ, ರಕ್ತ ಹೆಚ್ಚು ಹೋದರೆ ಏನು ಮಾಡುತ್ತೇವೆ ಎಂದು ಅವಳಿಗೇ ಹೇಳಿದರು. ಹಾಲಿನ ಕ್ಯಾನು ಎತ್ತುವುದು ಯಾವಾಗ ಎಂದೂ ಅವಳು ಕೇಳಿದಳು. ಅದಕ್ಕೂ ಉತ್ತರ ಸಿಕ್ಕಿತು. ಸೈನು ಹಾಕುವವರು ಕೇಳಿದರೆ ಮಾತ್ರ ಇಲ್ಲಿ ವಿಷಯ ಹೇಳುತ್ತಾರೆ ಎಂಬುದು ನನಗೆ ಆಗ ಹೊಳೆಯಿತು. ಚಿಕ್ಕಮ್ಮ ಸೈನು ಹಾಕಿ, ಒಮ್ಮೆ ನೋಡಿ, ಪತ್ರ ವಾಪಸು ಕೊಟ್ಟಳು.

ಮಾರನೆಯ ಬೆಳಗ್ಗೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ವಾರ್ಡಿಗೆ ಬಂದು ಗಂಟಲಲ್ಲಿ ಗಂಜಿ ಇಳಿದ ಮೇಲೆ ಚಿಕ್ಕಮ್ಮ ಪಕ್ಕದ ಮಂಚದವಳಿಗೆ ಎಲ್ಲವನ್ನೂ ವಿವರಿಸಿದಳು. ತನಗೆ ಏನು ತೆಗೆದರು, ಏನು ಬಿಟ್ಟರು, ಬಿಟ್ಟದ್ದರಿಂದ ಏನು ಒಳ್ಳೆಯದು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

“ನಂಗೇನೇನ್ ತಗುದ್ರು?”

ಗಡ್ಡೆ ಅಂದರು ಎಂದ ಅವನು. ಗಡ್ಡೆ ಒಂದೇನಾ ಎಂದಳು. ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯ ಪತ್ರಕ್ಕೂ ಅವನೇ ಸೈನು ಹಾಕಿದ್ದ, ಸಿಸ್ಟರ್ ಬೆರಳು ತೋರಿಸಿದ ಕಡೆ. ಪಾಪ, ನನ್ನ ಮುಖ ನೋಡಿದ. ಡಾಕ್ಟರನ್ನು ಕರೆಯೋಣವೆಂದು ನಾನು ಎದ್ದೆ.

“ನೀವ್ ಕುತ್ಕಳಿ ಟೀಚರ್. ನಾನೇ ಕೇಳ್ತೀನಿ,” ಎಂದಳು ಅವಳು. ಹೊಲಿಗೆಯ ಮೇಲೆ ಒಂದು ಕೈ ಒತ್ತಿಕೊಂಡು, ಮಂಚದಿಂದ ಕಾಲು ಕೆಳಗಿಟ್ಟಳು.